ಕ್ಲಾಟ್ ಮಹಾಶಯರ ಸನ್ನಿಧಾನಕ್ಕೊಂದು ತಕರಾರು ಅರ್ಜಿ

ಶ್ರೀಮಾನ್ ಕ್ಲಾಟ್ ಅವರಿಗೆ,

ತಾಲ್ಲೂಕು ಕಚೇರಿ ಎದುರಿನ ಹುಣಸೆಮರದಡಿ ಮೇಜು ಹಾಕಿಕೊಂಡಿರುವ ಪತ್ರಬರಹಗಾರನ ಬಿನ್ನಹ. ನೀವು 2008ರಿಂದ ಕಾನೂನು ಪದವಿಯ ಪ್ರವೇಶ ಪರೀಕ್ಷೆಯಾಗಿ ದೇಶಕ್ಕೆ ವಕೀಲರನ್ನು ಸೋಸಿ ಕೊಡುತ್ತಿದ್ದೀರಿ. ನಾನು ಅದಕ್ಕೂ ಮುಂಚಿನಿಂದ ಕ್ರಯಪತ್ರ ಬರೆಯುತ್ತಿದ್ದೇನೆ. ಆ ಹಿರಿತನದ ಮೇಲೆ ಎರಡು ಮಾತು.

ಮಗಳು ನಿಮಗೆಂದು 4000 ರೂಪಾಯಿ ಕಟ್ಟಿದ್ದಾಳೆ. 120 ಪ್ರಶ್ನೆ, 120 ನಿಮಿಷ. ಪ್ರಶ್ನೆಗೊಂದು ನಿಮಿಷವಾಯಿತಲ್ಲ ಎಂದು ಖುಷಿಪಟ್ಟೆ. ಆ ನಿಮಿಷಗಳಲ್ಲೇ 450 ಪದದವರೆಗಿನ ಇಂಗ್ಲಿಷ್ ಗದ್ಯಭಾಗಗಳನ್ನೂ ಓದಿ ಮುಗಿಸಬೇಕೆಂದು ಆಮೇಲೆ ಗೊತ್ತಾಯಿತು. ಈಗ ಅವಳು ಕುಕ್ಕರಿನ ಪಕ್ಕ ಕೂತು ಅಭ್ಯಾಸ ಮಾಡುತ್ತಾಳೆ. ಎರಡನೇ ಸೀಟಿಗೆ ಗದ್ಯ, ನಾಲ್ಕನೆಯದಕ್ಕೆ ಉತ್ತರ. ಅನ್ನ ಬೆಂದಿರುತ್ತದೆ, ನ್ಯಾಯ ಇನ್ನೂ ಅಕ್ಕಿ.

ನಮ್ಮ ಕಡೆ ಒಂದು ಪಾಲಿನ ದಾವೆಯಿದೆ. ಹೂಡಿದವನು ಅಜ್ಜ, ಈಗ ವಾಯ್ದೆಗೆ ಬರುವವನು ಮೊಮ್ಮಗ. ಬಸ್ ಚಾರ್ಜು ಏರಿದೆ, ದಾವೆ ಕೂತಲ್ಲೇ ಕೂತಿದೆ. ಇಷ್ಟು ನಿಧಾನದ ಕಸುಬಿಗೆ ಇಂಥ ಧಾವಂತದ ಬಾಗಿಲು ಯಾಕಿಟ್ಟಿರಿ ಸ್ವಾಮಿ?

ನಿಮ್ಮ ಕಥೆಯನ್ನೇ ನೋಡಿ. 2024ರ ಡಿಸೆಂಬರ್ 1ರಂದು ಮಕ್ಕಳು ಬರೆದ ಪತ್ರಿಕೆಯ ಕೀ ಉತ್ತರವೇ ತಪ್ಪೆಂದು ತಕರಾರು ಎದ್ದು ದೆಹಲಿ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೆ. ಕೆಲವೇ ಪ್ರಶ್ನೆಗಳಿಗೆ ಸರಿ ಉತ್ತರ ಯಾವುದೆಂದು ತೀರ್ಮಾನವಾಗುವಷ್ಟರಲ್ಲಿ 2025ರ ಮೇ ಬಂದಿತ್ತು. ವಕೀಲರು, ನ್ಯಾಯಮೂರ್ತಿಗಳು ಸೇರಿ ಐದು ತಿಂಗಳು. ಪಿಯುಸಿ ಹುಡುಗಿಗೆ ಒಂದು ನಿಮಿಷ, ತಪ್ಪಿದರೆ ಕಾಲು ಅಂಕ ಜಪ್ತಿ! (ತಪ್ಪು ಕೀಗೆ ಎಷ್ಟು ಕಳೆಯಬೇಕೆಂದು ನಿಯಮದಲ್ಲಿ ಬರೆಯಲು ಮರೆತಿರಬೇಕು.)

ಮೊನ್ನೆ ಮಗಳು ನನ್ನದೊಂದು ಕ್ರಯಪತ್ರದ ಕರಡು ಹಿಡಿದು ಕೂತಳು. ಕಾಲು ಗಂಟೆ ಉಸಿರಿಲ್ಲ. ಆಮೇಲೆ, "ಅಪ್ಪಾ, ಚಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿದೆ" ಎಂದಳು. ನೋಡಿದೆ, ನಿಜ. ಹಾಗೇ ನೋಂದಣಿಯಾಗಿದ್ದರೆ ಎರಡು ಮನೆತನಗಳು ಕೋರ್ಟು ಅಲೆಯುತ್ತಿದ್ದವು. ನಿಮ್ಮ ಲೆಕ್ಕದಲ್ಲಿ ಅವಳು ಹದಿನೈದು ಪ್ರಶ್ನೆ ಕಳೆದುಕೊಂಡಳು. ಅದೂ ಓದಿದ್ದು ಕನ್ನಡದಲ್ಲಿ. ನಿಮ್ಮನ್ನು ನಡೆಸುವ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ ಕಚೇರಿ ಬೆಂಗಳೂರಿನ ನಾಗರಭಾವಿಯಲ್ಲೇ ಇದ್ದರೂ ಪ್ರಶ್ನೆಪತ್ರಿಕೆಗೆ ಆ ಭಾಷೆ ಪಥ್ಯವಲ್ಲ.

ಆದ್ದರಿಂದ ಪ್ರಾರ್ಥನೆ ಇಷ್ಟೇ: ನಾಲ್ಕು ಆಯ್ಕೆಗಳ ಕೆಳಗೆ ಐದನೆಯದೊಂದು ಸೇರಿಸಿ, 'ವಾಯ್ದೆ ಕೊಡಿ' ಅಂತ. ಕಸುಬು ಬಲ್ಲ ಮಕ್ಕಳು ಯಾರೆಂದು ತಕ್ಷಣ ಗೊತ್ತಾಗುತ್ತದೆ.

ಆ ಕ್ರಯಪತ್ರ ಮತ್ತೆ ಬರೆಯಬೇಕಿದೆ, ಕಕ್ಷಿದಾರರು ಕಾಯುತ್ತಿದ್ದಾರೆ.

ಇಂತಿ,
ಹುಣಸೆಮರದಡಿಯ ಪತ್ರಬರಹಗಾರ