ಮೀಟರ್ ಮೇಲೆ ಒಂದೂವರೆ

ಒಂದು ಸಾಮಾನಿಗೆ ಮರ್ಯಾದೆ ಬರಬೇಕಾದರೆ ಮೊದಲು ಅದನ್ನು ತಯಾರಿಸುವವರು ಕೈ ಎತ್ತಬೇಕು. 2006ರಲ್ಲಿ ಕೊನಿಕಾ ಮಿನೋಲ್ಟಾ ಕಂಪನಿ ಕ್ಯಾಮೆರಾ ವ್ಯಾಪಾರಕ್ಕೆ ಎಳ್ಳುನೀರು ಬಿಟ್ಟಿತು. ಅದರ ಬೆಳಕಿನ ಮೀಟರುಗಳನ್ನು ಕೆಂಕೊ ಎಂಬ ಇನ್ನೊಂದು ಜಪಾನಿ ಕಂಪನಿ ದತ್ತು ತೆಗೆದುಕೊಂಡು ತನ್ನ ಹೆಸರಿಟ್ಟಿತು. ಅಲ್ಲಿಯವರೆಗೆ ಸ್ಟುಡಿಯೋ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡು, ಸ್ಟಾಂಪ್ ಪ್ಯಾಡುಗಳ ಜೊತೆ ಬಿದ್ದುಕೊಂಡಿದ್ದ ಮಿನೋಲ್ಟಾ ಮೀಟರು ರಾತ್ರೋರಾತ್ರಿ ‘ಲೆಜೆಂಡರಿ’ ಆಯಿತು. ಮೀಟರು ಅದೇ. ಅಳೆಯುವ ಬೆಳಕೂ ಅದೇ. ಬೆಲೆ ಮಾತ್ರ ಬೇರೆ.

ಇದು ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಅಂಗೈಯಲ್ಲಿ ಹಿಡಿಯುವ ಈ ಡಬ್ಬಿಗೆ ಫಿಲ್ಮಿನ ವೇಗ ಎಷ್ಟೆಂದು ಹೇಳಿ ಬೆಳಕಿಗೆ ಒಡ್ಡಿದರೆ, ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕು, ಷಟರ್ ಎಷ್ಟು ಹೊತ್ತು ಬಿಡಬೇಕು ಎಂದು ಹೇಳುತ್ತದೆ. ನಿಮ್ಮ ಜೇಬಿನ ಫೋನು ಇದೇ ಕೆಲಸವನ್ನು ನಿಮ್ಮನ್ನು ಕೇಳದೆಯೇ ಮಾಡಿ ಮುಗಿಸುತ್ತದೆ. ಕೇಳದೆ ಮಾಡುವವರಿಗೆ ನಮ್ಮಲ್ಲಿ ಎಂದಾದರೂ ಗೌರವ ಸಿಕ್ಕಿದೆಯೇ?

ನನ್ನ ಪರಿಚಯದ ಮೀಟರ್ ಮಹಾಶಯರೊಬ್ಬರ ಬಳಿ, ಆ ಮಿನೋಲ್ಟಾ ಸೇರಿ, ಇಂಥವು ಮೂರಿವೆ. ಹಿರಿಯದು ವೆಸ್ಟನ್ ಮಾಸ್ಟರ್. ಇದಕ್ಕೆ ಬ್ಯಾಟರಿ ಬೇಡ. ಒಳಗಿನ ಸೆಲೆನಿಯಂ ಫಲಕದ ಮೇಲೆ ಬೆಳಕು ಬಿದ್ದರೆ ತಾನೇ ಕರೆಂಟು ಹುಟ್ಟಿ ಮುಳ್ಳು ಅಲುಗುತ್ತದೆ. ಇದನ್ನು ಮಾಡಿದ ಕಂಪನಿ ಕಟ್ಟಿದ ಎಡ್ವರ್ಡ್ ವೆಸ್ಟನ್ ವಿದ್ಯುತ್ ಉಪಕರಣಗಳ ಎಂಜಿನಿಯರು. ದೊಣ್ಣೆ ಮೆಣಸಿನಕಾಯಿಯ ಫೋಟೊ ತೆಗೆದು ಜಗತ್ಪ್ರಸಿದ್ಧನಾದ ಎಡ್ವರ್ಡ್ ವೆಸ್ಟನ್ ಬೇರೆ. ಮಹಾಶಯರು ಇಬ್ಬರನ್ನೂ ಒಬ್ಬನೇ ಮಾಡಿ ಪೂಜಿಸುತ್ತಾರೆ. ನಾನು ತಿದ್ದಲು ಹೋಗಿಲ್ಲ.

ಸೆಲೆನಿಯಂಗೆ ವಯಸ್ಸಾಗುತ್ತದೆ. ತೇವ ತಾಗಿದರೆ ಇನ್ನೂ ಬೇಗ ಆಗುತ್ತದೆ. ಮುದಿ ಫಲಕಕ್ಕೆ ಇರುವ ಬೆಳಕು ಕಡಿಮೆಯಾಗಿ ಕಾಣುತ್ತದೆ. ಹಾಗಾಗಿ ಮಹಾಶಯರು ಮುಳ್ಳು ತೋರಿಸಿದ್ದಕ್ಕೆ ಒಂದೂವರೆ ಸ್ಟಾಪ್ ಸೇರಿಸಿಕೊಳ್ಳುತ್ತಾರೆ. ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು. ಅದರ ಮೇಲೆ ಹಳೆಯ ವೆಸ್ಟನ್ನಿಗೆ ತನ್ನದೇ ಫಿಲ್ಮ್ ಸ್ಪೀಡಿನ ಲೆಕ್ಕ ಬೇರೆ: ಲೋಕಕ್ಕೆಲ್ಲ 100 ಆದ ಫಿಲ್ಮು ಅದಕ್ಕೆ 80. ಬೆಂಗಳೂರಿನ ಆಟೋದವನು ಮೀಟರ್ ಮೇಲೆ ಒಂದೂವರೆ ಕೇಳಿದರೆ ನಡುಬೀದಿಯಲ್ಲಿ ಗ್ರಾಹಕರ ಹಕ್ಕಿನ ಭಾಷಣ ಬಿಗಿಯುವ ಇದೇ ಮನುಷ್ಯ, ವೆಸ್ಟನ್ ಕೇಳಿದರೆ ತೆಪ್ಪಗೆ ಕೊಟ್ಟು ‘ಅದಕ್ಕೊಂದು ಕ್ಯಾರೆಕ್ಟರ್ ಇದೆ’ ಅನ್ನುತ್ತಾರೆ.

ಎರಡನೆಯದು ಜರ್ಮನಿಯ ಗಾಸೆನ್ ಲೂನಾಸಿಕ್ಸ್ 3. ಚಂದ್ರನ ಬೆಳಕನ್ನೂ ಓದಬಲ್ಲದು ಎಂಬ ಖ್ಯಾತಿ ಇದರದು, ಸುಳ್ಳಲ್ಲ. ಆದರೆ ಇದು ಕೇಳುವುದು 1.35 ವೋಲ್ಟಿನ ಎರಡು ಪಾದರಸದ ಸೆಲ್ಲು. ಪಾದರಸ ವಿಷ ಎಂದು ಅಮೆರಿಕ 1996ರಲ್ಲಿ ಕಾನೂನು ಮಾಡಿತು, ಯುರೋಪೂ ಹಿಂಬಾಲಿಸಿತು, ಸೆಲ್ಲು ಅಂಗಡಿಯಿಂದ ಮಾಯವಾಯಿತು. ಮಾಮೂಲಿ 1.5 ವೋಲ್ಟಿನದು ಹಾಕಿದರೆ ಮುಳ್ಳಿಗೆ ಹುರುಪು ಹೆಚ್ಚಾಗಿ ಇಲ್ಲದ ಬೆಳಕನ್ನೂ ತೋರಿಸುತ್ತದೆ. ಇದಕ್ಕೆ ಭಕ್ತಮಂಡಳಿ ಹುಡುಕಿಕೊಂಡ ಪರಿಹಾರ ಶ್ರವಣಯಂತ್ರದ 675 ನಂಬರಿನ ಸೆಲ್ಲು. ವೋಲ್ಟು ಸುಮಾರಾಗಿ ಹೊಂದುತ್ತದೆ, ಗಾತ್ರ ಹೊಂದುವುದಿಲ್ಲ. ಸುತ್ತ ಒಂದು ವಾಷರ್ ತೊಡಿಸಬೇಕು.

ಹೀಗೆ ಒಂದು ಸಂಜೆ ಮೆಡಿಕಲ್ ಸ್ಟೋರಿನಲ್ಲಿ ಅವರ ಪಕ್ಕ ನಿಂತಿದ್ದೆ.

‘ಎರಡು ಕಿವಿಗೂ ಬೇಕಾ ಸಾರ್?’ ಹುಡುಗ ಸ್ವಲ್ಪ ಗಟ್ಟಿಯಾಗೇ ಕೇಳಿದ.

‘ಕಿವಿಗಲ್ಲಪ್ಪ, ಲೂನಾಸಿಕ್ಸಿಗೆ.’

‘ಹೊಸ ಕಂಪನೀನಾ? ನಮ್ಮಲ್ಲಿ ಬಂದಿಲ್ಲ ಸಾರ್.’

‘ಹೊಸದಲ್ಲ. ನಿಂತುಹೋಗಿದೆ.’

ಹುಡುಗ ಮುಖದಲ್ಲಿ ಮರುಕ ತಂದುಕೊಂಡು ಆರು ಸೆಲ್ಲಿನ ಪಟ್ಟಿ ಹರಿದುಕೊಟ್ಟ. ಮಹಾಶಯರು ಮನೆಗೆ ಬಂದು ಎರಡರ ಬೆನ್ನಿನ ಸ್ಟಿಕ್ಕರ್ ಕಿತ್ತು, ಗಾಳಿ ಕುಡಿಯಲಿ ಎಂದು ಒಂದೆರಡು ನಿಮಿಷ ಮೇಜಿನ ಮೇಲೆ ಮಲಗಿಸಿದರು. ಸತುವಿನ ಈ ಸೆಲ್ಲು ಒಮ್ಮೆ ಗಾಳಿ ಕುಡಿದರೆ ಮುಗಿಯಿತು, ನೀವು ಫೋಟೊ ತೆಗೆಯಿರಿ ಬಿಡಿ, ಕೆಲವು ವಾರಗಳಲ್ಲಿ ತೀರಿಕೊಳ್ಳುತ್ತದೆ. ಮಹಾಶಯರ ಮನೆಯಲ್ಲಿ ಸಾಮಾನ್ಯವಾಗಿ ‘ಬಿಡಿ’ ಎಂಬುದೇ ನಡೆಯುವುದು.

ಏಕೆಂದರೆ ಅವರ ಭಾನುವಾರಗಳು ಮೀಟರಿಗೆ ಮೀಟರು ಹಿಡಿಯುವುದರಲ್ಲಿ ಕಳೆಯುತ್ತವೆ. ಹಾಲಿನ ಗೋಡೆಯನ್ನು ಮೂರರಿಂದಲೂ ಅಳೆಯುತ್ತಾರೆ. ಮೂರೂ ಮೂರು ಮಾತು ಹೇಳುತ್ತವೆ. ಫಿಲ್ಟರ್ ಕಾಫಿ ಆರುವವರೆಗೆ ಅರ್ಧ ಸ್ಟಾಪಿನ ವ್ಯಾಜ್ಯ ನಡೆಯುತ್ತದೆ. ಕ್ಯಾಮೆರಾದಲ್ಲಿ ಫಿಲ್ಮ್ ಇದೆಯಾ ಎಂದು ಆಗ ಕೇಳುವುದು ಅಸಭ್ಯತೆ.

ಅರ್ಧ ಸ್ಟಾಪು ಹೆಚ್ಚುಕಡಿಮೆಯಾದರೆ ಮುಖ ಕೆಡಿಸಿಕೊಳ್ಳುತ್ತಿದ್ದದ್ದು ಸ್ಲೈಡ್ ಫಿಲ್ಮು. ಅದರಲ್ಲಿ ದೊಡ್ಡ ಹೆಸರಾದ ಕೊಡಾಕ್ರೋಮನ್ನು ಕೊಡಾಕ್ 2009ರಲ್ಲೇ ನಿಲ್ಲಿಸಿದೆ. ಈಗ ಇವರು ಕೊಳ್ಳುವ, ಅಂದರೆ ಕೊಂಡು ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಇಡುವ ಕಲರ್ ನೆಗೆಟಿವ್ ಎಂಥ ಉದಾರಿಯೆಂದರೆ, ಎರಡು ಸ್ಟಾಪ್ ಬೆಳಕು ಹೆಚ್ಚು ಸುರಿದರೂ ತುಟಿ ಪಿಟಕ್ಕೆನ್ನದೆ ಚಿತ್ರ ಕೊಡುತ್ತದೆ. ಕ್ಷಮಿಸುವ ಫಿಲ್ಮು ಮನೆಯಲ್ಲೇ ಇರುವಾಗ ಕ್ಷಮಿಸದ ಲೆಕ್ಕಾಚಾರ.

ಮೀಟರುಗಳಿಗೆ ಒಂದು ಸಂಗತಿ ಗೊತ್ತಿಲ್ಲ, ಮಜವಿರುವುದು ಅಲ್ಲಿ. ವಸ್ತುವಿನಿಂದ ಚಿಮ್ಮಿ ಬರುವ ಬೆಳಕನ್ನು ಓದುವ ಮೀಟರಿಗೆ ಜಗತ್ತೆಲ್ಲ ನಡುವಣ ಬೂದು. ಈಗಷ್ಟೇ ಒಗೆದು ಒಣಹಾಕಿದ ಬಿಳಿ ಪಂಚೆಗೆ ಹಿಡಿಯಿರಿ, ಪಂಚೆಯನ್ನು ಬೂದು ಮಾಡುವ ಲೆಕ್ಕ ಹೇಳುತ್ತದೆ. ಪಕ್ಕದಲ್ಲಿ ಮೆಲುಕು ಹಾಕುವ ಎಮ್ಮೆಗೆ ಹಿಡಿಯಿರಿ, ಅದನ್ನೂ ಎಬ್ಬಿಸಿ ತಂದು ಅದೇ ಬೂದಿನಲ್ಲಿ ನಿಲ್ಲಿಸುತ್ತದೆ. ಪಂಚೆ ಬೆಳ್ಳಗಿರಲಿ ಎಂದು ಎರಡು ಸ್ಟಾಪ್ ಏರಿಸುವುದು, ಎಮ್ಮೆ ಕರ್ರಗಿರಲಿ ಎಂದು ಎರಡು ಇಳಿಸುವುದು ಮೀಟರ್ ಹಿಡಿದವನ ತಲೆಗೆ ಬಿಟ್ಟದ್ದು. ಬಿಳಿ ಗುಮ್ಮಟ ಹಾಕಿ, ಬೀಳುವ ಬೆಳಕನ್ನೇ ಅಳೆದರೆ ಈ ರಗಳೆ ಇಲ್ಲ. ಆದರೆ ಅದಕ್ಕೆ ಎದ್ದು ಎಮ್ಮೆಯ ಹತ್ತಿರ ಹೋಗಬೇಕು. ಸಿನಿಮಾ ಸೆಟ್ಟಿನಲ್ಲಿ ಛಾಯಾಗ್ರಾಹಕರು ಕೊರಳಿಗೆ ಮೀಟರ್ ತೂಗುಹಾಕಿಕೊಂಡು ನಾಯಕಿಯ ಗಲ್ಲದವರೆಗೂ ನಡೆದುಹೋಗುತ್ತಿದ್ದದ್ದು ಈ ಕಾರಣಕ್ಕೆ. ನಮ್ಮ ಮಹಾಶಯರು ಅವರಿಂದ ಕಲಿತದ್ದು ಕೊರಳಿಗೆ ತೂಗುಹಾಕಿಕೊಳ್ಳುವವರೆಗೆ. ಮದುವೆ ಮನೆಗೂ ಹಾಗೇ ಬರುತ್ತಾರೆ. ವಧುವಿನ ಚಿತ್ರವನ್ನು ಮಾತ್ರ ಫೋನಿನಲ್ಲಿ ತೆಗೆಯುತ್ತಾರೆ, ತಕ್ಷಣ ಕಳಿಸಬೇಕಲ್ಲ.

ತಡೆಯಲಾರದೆ ಒಮ್ಮೆ ಅವರಿಗೆ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಕಥೆ ಹೇಳಿದೆ. 1941ರ ನವೆಂಬರಿನ ಒಂದು ಸಂಜೆ, ನ್ಯೂ ಮೆಕ್ಸಿಕೋದ ಹೆರ್ನಾಂಡಿಸ್ ಎಂಬ ಹಳ್ಳಿಯ ಬಳಿ ಚಂದ್ರ ಮೇಲೆದ್ದಿದ್ದ, ಸ್ಮಶಾನದ ಶಿಲುಬೆಗಳ ಮೇಲೆ ಕಡೇ ಬಿಸಿಲು. ಆಡಮ್ಸ್ ಕಾರು ನಿಲ್ಲಿಸಿ ಭಾರೀ ಕ್ಯಾಮೆರಾ ಹೂಡಿದ. ವೆಸ್ಟನ್ ಮೀಟರಿಗೆ ತಡಕಾಡಿದರೆ ಸಿಗಲಿಲ್ಲ. ಚಂದ್ರನ ಹೊಳಪು ಚದರಡಿಗೆ 250 ಕ್ಯಾಂಡಲ್ ಎಂಬುದು ನೆನಪಿತ್ತು. ಅದರ ಮೇಲೆ ಬಾಯಿಲೆಕ್ಕ ಹಾಕಿ ಒಂದು ಎಕ್ಸ್‌ಪೋಷರ್ ಕೊಟ್ಟ. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಶಿಲುಬೆಗಳ ಬಿಸಿಲು ಹೋಗಿತ್ತು. ಅವನ ಚಿತ್ರಗಳಲ್ಲೆಲ್ಲ ಅತಿ ಹೆಸರಾದವುಗಳಲ್ಲಿ ಒಂದು, ಹೀಗೆ ಮೀಟರಿಲ್ಲದೆ ತೆಗೆದದ್ದು.

ಮಹಾಶಯರು ಕೈಕಟ್ಟಿ, ಕಣ್ಣರಳಿಸಿ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ವೆಸ್ಟನ್ ಆಮೇಲೆ ಸಿಕ್ಕಿತಂತಾ?’ ಅಂದರು. ‘ಲೆದರ್ ಕೇಸ್ ಸಮೇತ ಇದ್ದಿದ್ದರೆ ಇವತ್ತು ಏನು ಬೆಲೆ ಬಾಳೋದು ಅಂತೀನಿ!’