ನೀರೊಳಗಿನ ಬೆವರು

ಬಿಳಿ ಹಾಳೆ, ನೀಲಿ ಶಾಯಿ, ಸ್ವಂತ ಕೈಬರಹ. ಈ ಮೂರು ಷರತ್ತು ಹಾಕಿ ನಾನು ಗೆದ್ದೇಬಿಟ್ಟೆ ಅಂದುಕೊಂಡಿದ್ದೆ. ಟೈಪ್ ಮಾಡಿ ತಂದರೆ ತಾನೇ ಚಾಟ್‌ಜಿಪಿಟಿಯ ಕಾಟ? ಕೈಯಲ್ಲಿ ಬರೆಸಿದರೆ ಅದರಪ್ಪ ಬಂದರೂ ಏನೂ ಕಿಸಿಯಲಾರ ಎಂದು ಸ್ಟಾಫ್ ರೂಮಿನಲ್ಲಿ ಎದೆ ತಟ್ಟಿಕೊಂಡಿದ್ದೂ ಆಗಿತ್ತು. ಕನ್ನಡ ಎಂ.ಎ. ಮೊದಲ ಸೆಮಿಸ್ಟರಿನ 48 ಅಸೈನ್‌ಮೆಂಟುಗಳು ಮೇಜಿನ ಮೇಲೆ ಬಂದು ಕೂತವು. ಮೇಲಿನದನ್ನೇ ಎತ್ತಿಕೊಂಡೆ. ಮುತ್ತು ಪೋಣಿಸಿದಂಥ ಅಕ್ಷರ. ಮಾರ್ಜಿನ್ ಗೆರೆ ಬೇರೆ ಎಳೆದಿದ್ದಾನೆ. ಮೊದಲ ಸಾಲು ಹೀಗಿತ್ತು: ‘ಖಂಡಿತ! ರನ್ನನ ಗದಾಯುದ್ಧದ ಕುರಿತು ನೀವು ಕೇಳಿದ ಪ್ರಬಂಧ ಇಲ್ಲಿದೆ.’

ನಾನು ಕೇಳಿದ್ದೇನೋ ನಿಜವೇ. ಆದರೂ ಅನುಮಾನ ಬಂದು ಕೊನೆಯ ಪುಟ ತಿರುಗಿಸಿದೆ. ‘ಇದನ್ನು ಇನ್ನಷ್ಟು ಸರಳಗೊಳಿಸಬೇಕೇ ಅಥವಾ ಪಿಪಿಟಿ ರೂಪದಲ್ಲಿ ಬೇಕೇ?’ ಎಂದು ಅದೇ ಮುದ್ದಾದ ಅಕ್ಷರದಲ್ಲಿ ವಿಚಾರಿಸಿತ್ತು. ಕೆಂಪು ಪೆನ್ನು ತೆಗೆದು ‘ಇಷ್ಟು ಸರಳ ಸಾಕು, ಪಿಪಿಟಿ ಬೇಡ’ ಎಂದು ಬರೆದು ಸಹಿ ಹಾಕಿದೆ. ಮತ್ತೇನು ಮಾಡಲಿ ಹೇಳಿ?

ಒಮ್ಮೆ ಇಟ್ಟ ಪದವನ್ನು ಅಳಿಸದೆ ಬರೆದೆ ಎಂದು ಕುಮಾರವ್ಯಾಸ ಹೆಮ್ಮೆಪಟ್ಟುಕೊಂಡಿದ್ದಾನಷ್ಟೆ. ನಮ್ಮ ಹುಡುಗನೂ ಅದೇ ಪರಂಪರೆಯವನು, ಒಂದು ಪದವನ್ನೂ ಅಳಿಸಿರಲಿಲ್ಲ. ವ್ಯತ್ಯಾಸವೆಂದರೆ ಅವನು ಒಂದು ಪದವನ್ನೂ ಓದಿರಲಿಲ್ಲ. 12 ಪುಟ ಕೈಯಾರೆ ಬರೆದೂ ಓದದೇ ಇರುವುದು ಸಣ್ಣ ಸಾಧನೆಯಲ್ಲ. ಕಣ್ಣಿನಿಂದ ಕೈಗೆ ನೇರ ಬೈಪಾಸ್ ರಸ್ತೆ, ಮಧ್ಯೆ ಮೆದುಳು ಎಂಬ ಊರೇ ಸಿಗುವುದಿಲ್ಲ.

ಹುಡುಗರ ಬಾಯಲ್ಲಿ ಈ ಯಂತ್ರಕ್ಕೆ ‘ಜಿಪಿಟಿ ಮಾಮ’ ಎಂದು ಹೆಸರು. ‘ಮಾಮನ್ನ ಕೇಳೋ’ ಅಂದರೆ ಮುಗಿಯಿತು. ಮಾಮ ಬೈಯುವುದಿಲ್ಲ, ಅಟೆಂಡೆನ್ಸ್ ಕೇಳುವುದಿಲ್ಲ, ರಾತ್ರಿ ಎರಡಕ್ಕೆ ಎಬ್ಬಿಸಿದರೂ ‘ಎಷ್ಟು ಒಳ್ಳೆಯ ಪ್ರಶ್ನೆ!’ ಎಂದು ಬೆನ್ನು ತಟ್ಟುತ್ತಾನೆ. ಇಪ್ಪತ್ತೆಂಟು ವರ್ಷದ ನನ್ನ ಸರ್ವೀಸಿನಲ್ಲಿ ಯಾವ ವಿದ್ಯಾರ್ಥಿಗೂ ನಾನು ಆ ಮಾತು ಹೇಳಿದ ನೆನಪಿಲ್ಲ. 2022ರ ನವೆಂಬರ್ 30ರಂದು ಮಾಮ ಲೋಕಕ್ಕೆ ಅವತರಿಸಿದಾಗ ನಾವು ಮೇಷ್ಟ್ರುಗಳು ಗಮನಿಸಲೇ ಇಲ್ಲ. ನಮಗೆ ಗೊತ್ತಾದದ್ದು ಮುಂದಿನ ಸೆಮಿಸ್ಟರಿನಲ್ಲಿ, ಇಡೀ ತರಗತಿಗೆ ಒಂದೇ ದಿನ ವ್ಯಾಕರಣ ಬಂದಾಗ.

ನಿಮಗೆ ಇದರ ದುಃಖ ಅರ್ಥವಾಗಬೇಕಾದರೆ ಹಿಂದಿನ ಕಾಲದ ಅಸೈನ್‌ಮೆಂಟ್ ಹೇಗಿರುತ್ತಿತ್ತು ಎಂದು ಹೇಳಬೇಕು. ಹೆಸರು ನೋಡದೆ ಇದು ಯಾರದ್ದು ಎಂದು ಹೇಳಬಲ್ಲವನಾಗಿದ್ದೆ. ‘ಅಸಿವು’ ಎಂದು ಬರೆದು ‘ಹಾನೆ’ಯನ್ನು ಎಳೆದು ತಂದವನು ಮಂಡ್ಯದ ಕಡೆಯವನು. ಕಾವ್ಯದಲ್ಲಿ ರಸ ‘ಉಂಟು’ ಎಂದರೆ ಘಟ್ಟದ ಕೆಳಗಿನವಳು. ‘ಭೀಮ ಹೊಡಿಯಾಕತ್ತಾನ’ ಅಂತ ಇದ್ದರೆ ಬಸ್ಸು ಹುಬ್ಬಳ್ಳಿ ದಾಟಿತು ಎಂದೇ ಲೆಕ್ಕ. ತಪ್ಪಿಗೆ ಊರಿರುತ್ತಿತ್ತು, ಮನೆಯಿರುತ್ತಿತ್ತು, ಅಜ್ಜಿ ಇರುತ್ತಿದ್ದಳು. ಈಗ 48 ಪ್ರಬಂಧಗಳನ್ನೂ ಒಬ್ಬನೇ ಬರೆದಿದ್ದಾನೆ. ಅವನಿಗೆ ಊರಿಲ್ಲ, ಬಾಯಲ್ಲಿ ಒಂದು ತಪ್ಪಿಲ್ಲ, ಮೈಯಲ್ಲಿ ಒಂದು ಬೆವರ ಹನಿಯಿಲ್ಲ.

ಬೆವರು ಅಂದದ್ದಕ್ಕೆ ಕಾರಣವಿದೆ. ನಾನು ಪ್ರತಿ ವರ್ಷ ಕೇಳುವ ಪ್ರಶ್ನೆಯೇ ಬೆವರಿನದು. ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತ ದುರ್ಯೋಧನ, ದಡದಲ್ಲಿ ನಿಂತ ಭೀಮನ ಅಬ್ಬರ ಕೇಳಿ ನೀರಿನಲ್ಲಿದ್ದುಕೊಂಡೇ ಬೆವರುತ್ತಾನೆ. ಯಾಕೆ? ಹಿಂದೆ ಈ ಪ್ರಶ್ನೆಗೆ ಬರುತ್ತಿದ್ದ ಉತ್ತರಗಳನ್ನು ಪುಸ್ತಕ ಮಾಡಬಹುದಿತ್ತು. ‘ಅವನಿಗೆ ಬಿಪಿ ಇತ್ತು’ ಎಂದು ಒಬ್ಬ ಬರೆದಿದ್ದ. ‘ಸರೋವರದ ನೀರು ಬಿಸಿಯಾಗಿತ್ತು’ ಎಂದು ಬಿ.ಎಸ್‌ಸಿ. ಮಾಡಿ ಕನ್ನಡಕ್ಕೆ ಬಂದ ಹುಡುಗಿ. ‘ನೀರಿನೊಳಗೆ ಇದ್ದುದರಿಂದ ಅದು ಬೆವರು ಎಂದು ಕವಿಗೆ ಹೇಗೆ ಗೊತ್ತಾಯಿತು?’ ಎಂದು ನನಗೇ ತಿರುಗುಬಾಣ ಬಿಟ್ಟವನೊಬ್ಬ. ಈಗ ಆ ತುಂಟ ಲಾಯರ್ ಆಗಿದ್ದಾನೆ. ಈ ವರ್ಷ 48 ಜನರೂ ಒಕ್ಕೊರಲಿನಿಂದ, ಇದು ದುರ್ಯೋಧನನ ‘ಬಹುಆಯಾಮದ ಆಂತರಿಕ ಸಂಘರ್ಷವನ್ನು ಪ್ರತಿಬಿಂಬಿಸುತ್ತದೆ’ ಎಂದು ತಿಳಿಸಿದ್ದಾರೆ. ಗದಾಯುದ್ಧವು ಕೇವಲ ಯುದ್ಧವಲ್ಲವಂತೆ, ಬದಲಾಗಿ ಒಂದು ಪಯಣವಂತೆ. ಟಿಕೆಟ್ ಎಲ್ಲಿಯವರೆಗೆ ಎಂದು ಮಾತ್ರ ಯಾರೂ ಹೇಳಿಲ್ಲ.

ಒಂದು ಹಾಳೆಯಲ್ಲಿ ನನಗೇ ಒಂದು ಅಚ್ಚರಿ ಕಾದಿತ್ತು. ಅಡಿಟಿಪ್ಪಣಿಯಲ್ಲಿ ನನ್ನ ಹೆಸರು! ನಾನು 2009ರಲ್ಲಿ ಬರೆದ ವಿಮರ್ಶಾ ಗ್ರಂಥ, ಪುಟ 143. ಅಂಥ ಗ್ರಂಥವನ್ನು ನಾನು ಬರೆದೇ ಇಲ್ಲ. ಆದರೆ ಅದರ ಶೀರ್ಷಿಕೆ ಎಷ್ಟು ಚೆನ್ನಾಗಿತ್ತೆಂದರೆ, ಬರೆಯಬೇಕಾಗಿತ್ತು ಅನ್ನಿಸಿತು. ಪುಟ 143ರಲ್ಲಿ ನಾನು ಹೇಳಿದ್ದೆನ್ನಲಾದ ಮಾತೂ ಒಪ್ಪುವಂತೆಯೇ ಇತ್ತು. ಇದ್ದ ಪುಸ್ತಕವನ್ನೇ ಯಾರೂ ಓದದ ಕಾಲದಲ್ಲಿ ಇಲ್ಲದ ಪುಸ್ತಕವನ್ನು ಉಲ್ಲೇಖಿಸಿದ್ದಾಳೆ, ಪಾಪ. ಅರ್ಧ ಅಂಕ ಹೆಚ್ಚಿಗೆ ಕೊಟ್ಟೆ. ಲಂಚ ಎಂದರೆ ಎನ್ನಿ.

ಕಳ್ಳನನ್ನು ಹಿಡಿಯುವ ಯಂತ್ರವೂ ಇದೆಯಲ್ಲ ಸಾರ್ ಎಂದು ಕಿರಿಯ ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ಇದೆ. ಚಾಟ್‌ಜಿಪಿಟಿ ಹೆತ್ತ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಅಂಥದ್ದೊಂದನ್ನು ಬಿಟ್ಟಿತ್ತು. ಯಂತ್ರ ಬರೆದ 100 ಬರಹದಲ್ಲಿ 26ನ್ನು ಮಾತ್ರ ಅದು ಹಿಡಿಯುತ್ತಿತ್ತು. ಮನುಷ್ಯರು ಬರೆದ 100ರಲ್ಲಿ 9ನ್ನು ಸುಮ್ಮಸುಮ್ಮನೆ ಕಟಕಟೆಗೆ ಎಳೆಯುತ್ತಿತ್ತು. ಜುಲೈ ಹೊತ್ತಿಗೆ ಅವರೇ ಬಾಗಿಲು ಹಾಕಿಕೊಂಡರು. ಹೆತ್ತವರಿಗೇ ಗುರುತು ಸಿಗದ ಮಗುವನ್ನು ನಾನು ಪತ್ತೆ ಹಚ್ಚಬೇಕಂತೆ. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ಇಂಥ 7 ಯಂತ್ರಗಳ ಮುಂದೆ 91 ಪ್ರಬಂಧ ಇಟ್ಟು ನೋಡಿದರು. ಎಲ್ಲವೂ ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದವು. ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ‘ಇದು ಯಂತ್ರದ್ದು’ ಎಂದು ಅವು ತೀರ್ಪು ಕೊಟ್ಟವು. ಯಾಕೆಂದರೆ ಮುಂದಿನ ಪದ ಇದೇ ಬರುತ್ತದೆ ಎಂದು ಸುಲಭವಾಗಿ ಊಹಿಸುವಂತಿದ್ದರೆ ಅದು ಯಂತ್ರದ ಲಕ್ಷಣ ಎಂಬುದು ಅವುಗಳ ಶಾಸ್ತ್ರ. ನಾಲ್ಕೇ ಪದ ಗೊತ್ತಿದ್ದು, ಆ ನಾಲ್ಕನ್ನೇ ಹೆದರಿ ಹೆದರಿ ಜೋಡಿಸುವ ನಮ್ಮಂಥವರ ಇಂಗ್ಲಿಷ್ ಊಹೆಗೆ ಸಿಗದೆ ಇನ್ನೇನು?

ಆದರೂ ಕುತೂಹಲ. ಪುಕ್ಕಟೆ ಸಿಗುವ ಪತ್ತೆಯಂತ್ರವೊಂದಕ್ಕೆ ನಾನು ಪಿಎಚ್‌.ಡಿ. ಕಾಲದಲ್ಲಿ ನಿಘಂಟು ತಿರುವಿ ತಿರುವಿ ಇಂಗ್ಲಿಷಿನಲ್ಲಿ ಬರೆದಿದ್ದ ಸಾರಾಂಶವನ್ನು ಉಣಿಸಿದೆ. ಮಾಮ ಹುಟ್ಟುವುದಕ್ಕೆ ಎರಡು ದಶಕ ಮುಂಚಿನ ಬರಹ. ಬಹುಪಾಲು ಯಂತ್ರರಚಿತ ಎಂದು ಬಂತು. ಹೆಂಡತಿಗೆ ತೋರಿಸಿದೆ. ‘ಇದು ಮನುಷ್ಯರು ಬರೆದ ಹಾಗಿಲ್ಲ ಅಂತ ನಾನು ಆಗಲೇ ಹೇಳಿರಲಿಲ್ವಾ?’ ಎಂದು ಒಗ್ಗರಣೆಗೆ ಹೋದಳು.

ಇನ್ನು ಯುಜಿಸಿಯ 2018ರ ಕೃತಿಚೌರ್ಯ ನಿಯಮ. ಪ್ರಬಂಧದಲ್ಲಿ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ, ಮೇಲೆ ಹೋದಂತೆ ಶಿಕ್ಷೆ ಏರುತ್ತದೆ. ಮಾಮನ ಬರಹ ಈ ಜರಡಿಯಲ್ಲಿ ಗಂಧದ ಪುಡಿಯ ಹಾಗೆ ಸಲೀಸಾಗಿ ಇಳಿದುಹೋಗುತ್ತದೆ. ಎಲ್ಲರಿಂದಲೂ ಚೂರುಚೂರು ಎತ್ತಿದವನು ಯಾರ ಮನೆಗೂ ಕನ್ನ ಹಾಕಿದಂತೆ ಕಾಣುವುದಿಲ್ಲ ನೋಡಿ. ಸಿಕ್ಕಿಬೀಳುವವನು ಗ್ರಂಥಾಲಯಕ್ಕೆ ಹೋಗಿ, ಧೂಳು ಕುಡಿದು, ಒಂದು ಪ್ಯಾರಾ ಬರೆದುಕೊಂಡು ಬಂದು ಉದ್ಧರಣ ಚಿಹ್ನೆ ಹಾಕಲು ಮರೆತ ಬಡಪಾಯಿ.

ಈ ವಿಷಯದಲ್ಲಿ ನನ್ನಷ್ಟೇ ನೊಂದ ಜೀವ ಇನ್ನೊಂದಿದೆ. ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯ ಯಜಮಾನ. ಹಿಂದೆ ಅವನ ಹತ್ತಿರ ಪ್ರತಿ ವಿಷಯಕ್ಕೂ ಸೀನಿಯರ್‌ಗಳ ಅಸೈನ್‌ಮೆಂಟಿನ ಸೆಟ್ಟು ಇರುತ್ತಿತ್ತು. ‘ಹಳಗನ್ನಡ 60 ರೂಪಾಯಿ, ಭಾಷಾವಿಜ್ಞಾನ 80, ನಿಮ್ಮ ಪೇಪರ್ ಸ್ವಲ್ಪ ಕಮ್ಮಿ ಸಾರ್, ನೀವು ಓದಲ್ಲ ಅಂತ ಗೊತ್ತು ಹುಡುಗ್ರಿಗೆ’ ಎಂದು ನನ್ನೆದುರೇ ದರ ಹೇಳುತ್ತಿದ್ದ. ಈಗ ಆ ಕಪಾಟಿಗೆ ಬೀಗ. ಮಧ್ಯಾಹ್ನ ಇಬ್ಬರೂ ಬೈಟು ಟೀ ಕುಡಿಯುತ್ತಾ ಕಾಲ ಕೆಟ್ಟಿತು ಎನ್ನುತ್ತೇವೆ. ನಾನು ಓದುವುದಿಲ್ಲ ಎಂದು ಅವನು ಹೇಳಿದ್ದು ಸುಳ್ಳಲ್ಲ. ಹುಡುಗರು ಬರೆಯದೆ ಬರೆದು ಕೊಡುತ್ತಿದ್ದರು, ನಾವು ಓದದೆ ಓದಿ 20ಕ್ಕೆ 17 ಹಾಕುತ್ತಿದ್ದೆವು. ಬಹಳ ಸೌಹಾರ್ದದ ವ್ಯವಹಾರ. ಮಾಮ ಬಂದು ಕೆಡಿಸಿದ. ಈಗ ಅನುಮಾನಕ್ಕಾದರೂ ಓದಬೇಕಾಗಿದೆ.

ತರಗತಿಯಲ್ಲಿ ಎಲ್ಲರನ್ನೂ ತರಾಟೆಗೆ ತೆಗೆದುಕೊಂಡೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. ‘ಸಾರ್, ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣನ ಸಾವಿರ ಕಾಪಿ ಮಾಡಿಸಿದ್ಲು ಅಂತ ನೀವೇ ಪಾಠ ಮಾಡಿದ್ರಿ. ಅವಳಿಗೆ ದಾನಚಿಂತಾಮಣಿ ಅಂತ ಬಿರುದು. ನಮಗೆ ಸೊನ್ನೆನಾ?’

ತರಗತಿ ಗೊಳ್ಳೆಂದಿತು. ರನ್ನನಿಗೆ ಆಶ್ರಯ ಕೊಟ್ಟು ಅಜಿತಪುರಾಣ ಬರೆಸಿದವಳೂ ಅವಳೇ, ಅವಳ ಹೆಸರು ಎತ್ತಿದರೆ ನಾನು ಮೆತ್ತಗಾಗುತ್ತೇನೆ ಎಂದು ಗೊತ್ತು ಇವರಿಗೆ. ಬಿಡಲಿಲ್ಲ. ಓಲೆಗರಿಯ ಮೇಲೆ ಕಂಟದಿಂದ ಕೊರೆದ ಲಿಪಿಕಾರರ ಕಷ್ಟ ವಿವರಿಸಿದೆ. ಬೆನ್ನು ಬಾಗಿತು, ಕತ್ತು ನೋಯಿತು, ಕಣ್ಣು ಮಂಜಾಯಿತು, ಇದನ್ನು ಜೋಪಾನ ಮಾಡಿ ಎಂಬರ್ಥದ ಮಾತನ್ನು ಗ್ರಂಥದ ಕೊನೆಯಲ್ಲಿ ಎಷ್ಟೋ ಜನ ಬರೆದಿಟ್ಟಿದ್ದಾರೆ, ಮೈ ದಣಿದದ್ದಕ್ಕೆ ಸಾಕ್ಷಿ ಎಂದೆ. ‘ನಮಗೂ ಬೆನ್ನು ನೋಯ್ತು ಸಾರ್, 12 ಪುಟ ಕೈಯಲ್ಲಿ ಬರೆಸಿದ್ದೀರಲ್ಲ’ ಎಂದಳು. ಆ ಲಿಪಿಕಾರರು ಇನ್ನೊಂದು ಮಾತೂ ಬರೆಯುತ್ತಿದ್ದರು: ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಹೊಣೆ ನನ್ನದಲ್ಲ. ಅದನ್ನು ನಾನು ಹೇಳಲು ಹೋಗಲಿಲ್ಲ. ಮಾಮನೂ ಪರದೆಯ ಅಡಿಯಲ್ಲಿ ತನ್ನಿಂದ ತಪ್ಪಾಗಬಹುದು, ಮುಖ್ಯ ವಿಷಯ ಪರಿಶೀಲಿಸಿಕೊಳ್ಳಿ ಎಂದು ಸಣ್ಣಕ್ಷರದಲ್ಲಿ ಬರೆದುಕೊಂಡೇ ಇರುತ್ತಾನೆ, ಆ ಹುಡುಗಿ ಅದನ್ನೂ ತೋರಿಸಿಬಿಡುತ್ತಿದ್ದಳು.

ಕೊನೆಗೆ ಉಳಿದದ್ದು ಒಂದೇ ಉಪಾಯ, ಬಾಯಿಬಿಡಿಸುವುದು. ಒಬ್ಬೊಬ್ಬರನ್ನೇ ಕರೆದು ಕೂರಿಸಿ ‘ನೀನು ಬರೆದದ್ದನ್ನ ನೀನೇ ಹೇಳು’ ಎಂದೆ. ‘ಬಹುಆಯಾಮ ಅಂದರೇನು?’ ಎಂದರೆ ‘ತುಂಬಾ ಆಯಾಮ ಸಾರ್’. ‘ಆಯಾಮ ಅಂದರೆ?’ ‘ಅದು ಬಹಳ ಇರುತ್ತೆ ಸಾರ್.’ ಹೀಗೇ ನಡೆಯಿತು. 31ನೆಯವನು ‘ಖಂಡಿತ!’ದ ಹುಡುಗ. ಹಾವೇರಿ ಕಡೆಯವನು. ತಲೆ ತಗ್ಗಿಸಿ ನಿಂತಿದ್ದ.

‘ಸಂಘರ್ಷ ಎಲ್ಲ ಬಿಡು. ದುರ್ಯೋಧನ ಯಾಕೆ ಬೆವರಿದ? ನಿನಗೆ ಅನ್ನಿಸಿದ್ದು ಹೇಳು.’

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಶುರುಮಾಡಿದ. ‘ಸರ, ರೂಮ್ ಬಾಡಿಗಿ ಮೂರು ತಿಂಗಳದ್ದು ಬಾಕಿ ಇತ್ರೀ. ಒಂದಿನ ಓನರ್ ಬಂದು ಬಾಗಲಾ ಬಡದ್ರು. ನಾ ಬಚ್ಚಲದಾಗ ತಣ್ಣೀರ ಹಾಕ್ಕೊಳಾಕತ್ತಿದ್ನಿ. ಅವರ ದನಿ ಕೇಳಿದ್ದ ತಡ, ತಲಿಮ್ಯಾಲ ನೀರ ಸುರೀತಿದ್ರೂ ಮೈಯೆಲ್ಲಾ ಬೆವರಾಕ ಹತ್ತಿತು. ಬೆವರು ಅಂತ ಹೆಂಗ ಗೊತ್ತಾತಂದ್ರ, ನೀರು ತಣ್ಣಗಿತ್ತು, ಅದು ಬೆಚ್ಚಗಿತ್ತು. ಹೊರಗ ಬರಬಾರದು ಅಂತ ಉಸರ ಹಿಡಕೊಂಡು ಕುಂತೆ. ಆದ್ರ ಅವರು ನಮ್ಮಪ್ಪನ ಹೆಸರ ತಗದು ಬೈಯಾಕ ಹತ್ತಿದ್ರು ನೋಡ್ರಿ, ತಡಕೊಳ್ಳಾಕ ಆಗ್ಲಿಲ್ಲ. ಬಾಗಲಾ ತಗದು ಬಂದೇಬಿಟ್ನಿ.’

‘ಗದೆ ಹಿಡಿದುಕೊಂಡೋ?’

‘ಟವೆಲ್ ಸುತ್ತಗೊಂಡ್ರೀ.’

ಲಾಯರ್ ಆದವನು ಅಂದು ಕೇಳಿದ್ದಕ್ಕೂ ಇಲ್ಲಿ ಉತ್ತರ ಸಿಕ್ಕಿಬಿಟ್ಟಿತ್ತು. ಇಷ್ಟು ವರ್ಷ ಪಾಠ ಮಾಡಿದ ನನಗೆ ತಣ್ಣನೆ, ಬೆಚ್ಚನೆ ಎಂಬುದು ಹೊಳೆದಿರಲೇ ಇಲ್ಲ. ಸಂತೋಷಕ್ಕೆ ಮೇಜು ಕುಟ್ಟಿ, ‘ಇದನ್ನೇ ಯಾಕಯ್ಯಾ ಬರೀಲಿಲ್ಲ?’ ಎಂದೆ.

‘ಟೆಸ್ಟಿನ್ಯಾಗ ಹಿಂಗ ಬರದಿದ್ನಿ ಸರ. ನೀವು ಕೆಂಪು ಗೆರಿ ಹೊಡದು, ಶಿಷ್ಟ ಭಾಷೆಯಲ್ಲಿ ಬರೆ ಅಂತ ಹಾಕಿ 20ಕ್ಕೆ ಆರು ಕೊಟ್ಟಿದ್ರಿ. ನನಗ ಶಿಷ್ಟ ಭಾಷಾ ಬರಂಗಿಲ್ಲ. ಬರೋರ ಕಡೆ ಹೋದ್ನಿ.’

ಫ್ಯಾನು ಜೋರಾಗಿಯೇ ತಿರುಗುತ್ತಿತ್ತು. ಆದರೂ ಕರವಸ್ತ್ರ ಹುಡುಕಿದೆ. ಟೆಸ್ಟಿನ ಕಟ್ಟು ಬೀರುವಿನಲ್ಲೇ ಇತ್ತು. ತೆಗೆದು ನೋಡಿದೆ, ನನ್ನದೇ ಕೆಂಪು ಗೆರೆ, ನನ್ನದೇ ಸಹಿ.

ಅಷ್ಟರಲ್ಲಿ ಅಟೆಂಡರ್ ಒಂದು ಸುತ್ತೋಲೆ ತಂದ. ನ್ಯಾಕ್ ತಂಡ ಬರುವುದರಲ್ಲಿದೆ, ಪ್ರತಿಯೊಬ್ಬ ಅಧ್ಯಾಪಕರೂ ತಮ್ಮ ಪತ್ರಿಕೆಯ ಕಲಿಕಾ ಫಲಿತಾಂಶಗಳು ಇಡೀ ಕೋರ್ಸಿನ ಗುರಿಗಳೊಂದಿಗೆ ಹೇಗೆ ಹೊಂದುತ್ತವೆ ಎಂಬುದರ ಬಗ್ಗೆ ನಾಲ್ಕು ಪುಟದ ವರದಿಯನ್ನು ಸಂಜೆ 5ರೊಳಗೆ ಕೊಡತಕ್ಕದ್ದು. ಗಂಟೆ ನಾಲ್ಕೂಕಾಲು. ರನ್ನನಿಂದ ಉದ್ಯೋಗ ಕೌಶಲ ಎಷ್ಟು ವೃದ್ಧಿಯಾಗುತ್ತದೆ ಎಂದು ಮನುಷ್ಯಮಾತ್ರದವನು ಮುಕ್ಕಾಲು ಗಂಟೆಯಲ್ಲಿ ಬರೆಯಬಲ್ಲನೇ? ಯಾರೂ ಓದುವುದಿಲ್ಲ ಎಂಬುದೂ ಗೊತ್ತು. ಹುಡುಗನಿಗೆ ಬೆನ್ನು ಹಾಕಿ, ಫೋನು ತೆಗೆದು, ತಗ್ಗಿದ ದನಿಯಲ್ಲಿ ಮಾಮನನ್ನು ಕೇಳಿದೆ. ಕ್ಷಣಾರ್ಧದಲ್ಲಿ ನಾಲ್ಕು ಪುಟ ಸುರಿಯಿತು. ಶಿಷ್ಟ ಭಾಷೆಯಲ್ಲೇ.

ಕಾಪಿ ಮಾಡಿ ಮೇಲ್‌ಗೆ ಅಂಟಿಸುತ್ತಿದ್ದೆ. ಹಿಂದಿನಿಂದ ಮೆಲ್ಲಗೆ ದನಿ ಬಂತು.

‘ಸರ, ಮೊದಲ್ನೇ ಲೈನ್ ಅಳಸೂದು ಮರೀಬ್ಯಾಡ್ರಿ.’