ಹುಟ್ಟಿದ್ದು ಒಂದೇ ಸಲ, ನೋಂದಣಿ ಎರಡು ಸಲ
ಜನನ ಪ್ರಮಾಣಪತ್ರದೊಂದಿಗೆ ಒಂದು ಕಾಲ್ಪನಿಕ ಸಂದರ್ಶನ

ಫುಟ್‌ಬಾಲ್ ಆಯ್ಕೆ ಶಿಬಿರದಲ್ಲಿ ಎಲ್ಲರ ಕಣ್ಣು ಹುಡುಗರ ಕಾಲಿನ ಮೇಲೆ. ಆದರೆ ಕಾಲಿಗಿಂತ ಮೊದಲು ಮೈದಾನಕ್ಕೆ ಇಳಿಯುವುದು ಕಾಗದ. ಬೆಂಗಳೂರಿನ ಒಂದು ಮೈದಾನದಲ್ಲಿ 13 ವರ್ಷದೊಳಗಿನವರ ಟ್ರಯಲ್ಸ್ ನಡೆಯುತ್ತಿತ್ತು. ಗಾಳಿಗೆ ಹಾರದಂತೆ ನೀರಿನ ಬಾಟ್ಲಿಯನ್ನು ಮೈಮೇಲೆ ಹೇರಿಸಿಕೊಂಡು ಆಯ್ಕೆಗಾರರ ಮೇಜಿನ ಮೇಲೆ ಮಲಗಿದ್ದ ಜನನ ಪ್ರಮಾಣಪತ್ರವೊಂದು ಮಾತಿಗೆ ಸಿಕ್ಕಿತು. ನೋಂದಣಿ ಸಂಖ್ಯೆ ಬರೆಯಬಾರದು ಎಂಬ ಷರತ್ತು ಹಾಕಿತು. ಒಪ್ಪಿದೆವು.

ಪ್ರ: ನಮಸ್ಕಾರ. ತಮ್ಮ ವಯಸ್ಸೆಷ್ಟು?

ಉ: ಯಾರದ್ದು ಕೇಳ್ತಿದೀರಿ? ನಂದೋ, ನನ್ನೊಳಗೆ ಬರೆದಿರೋ ಹುಡುಗಂದೋ? ನನಗೆ ಹುಟ್ಟಿ ಹನ್ನೊಂದು ದಿನ. ಹುಡುಗನಿಗೆ ಹನ್ನೆರಡು ವರ್ಷ. ಅಗೋ, ಏಳನೇ ನಂಬರ್ ಬಿಬ್ಬು ಹಾಕ್ಕೊಂಡು ಓಡ್ತಿದಾನಲ್ಲ, ಅವನೇ. ಬೆಳಿಗ್ಗೆ ನೀಟಾಗಿ ಶೇವ್ ಮಾಡ್ಕೊಂಡು ಬಂದಿದಾನೆ.

ಪ್ರ: ಮಗು ಹುಟ್ಟಿ ಹನ್ನೆರಡು ವರ್ಷದ ಮೇಲೆ ತಾವು ಹುಟ್ಟಿದ್ದು ಹೇಗೆ?

ಉ: ಕಾನೂನು ಪ್ರಕಾರವೇ ಸ್ವಾಮಿ. 1969ರ ಜನನ ಮರಣ ನೋಂದಣಿ ಕಾಯ್ದೆ ತೆಗೆದು ನೋಡಿ. ಮಗು ಹುಟ್ಟಿದ 21 ದಿನದೊಳಗೆ ತಿಳಿಸಬೇಕು. ತಡವಾದರೆ ಶುಲ್ಕ ಕಟ್ಟಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮನೆಯಲ್ಲೇ ಹೆರಿಗೆಯಾಗಿ, ಯಾವ ಪುಸ್ತಕದಲ್ಲೂ ಹೆಸರಿಲ್ಲದೆ ಉಳಿದ ಕೂಲಿಕಾರರ ಮಕ್ಕಳಿಗೋಸ್ಕರ ಆ ಬಾಗಿಲು ಇಟ್ಟಿದ್ದು. ಆಸ್ಪತ್ರೆಯಲ್ಲಿ ಹುಟ್ಟಿ, ಆಗಲೇ ಒಂದು ಸಲ ನೋಂದಣಿಯಾದ ಈ ಏಳನೇ ನಂಬರಿನವನೂ ಅದೇ ಬಾಗಿಲಲ್ಲಿ ಇನ್ನೊಂದು ಸಲ ಒಳಗೆ ಬಂದ. ತಾತನ ಊರಿನಲ್ಲಿ, ಎರಡು ವರ್ಷ ತಡವಾಗಿ ಹುಟ್ಟಿದ. ನನಗೊಬ್ಬ ಅಣ್ಣ ಇದಾನೆ, ಬೀರುವಿನಲ್ಲಿ ಬೀಗ ಹಾಕಿಟ್ಟಿದಾರೆ. ಅವನ ಹತ್ತಿರ ಮಾತಾಡಿದರೆ ನಿಮಗೆ ಬೇರೆ ಸಂದರ್ಶನ ಸಿಗುತ್ತೆ.

ಪ್ರ: ಶಾಲೆಯ ದಾಖಲೆ ಇರುತ್ತಲ್ಲ?

ಉ: ಅದು ನಮ್ಮ ಮನೆತನದ ಹಿರೀಕ. ನಿಮ್ಮ ತಂದೆಯ ತಲೆಮಾರಿನಲ್ಲಿ ಎಷ್ಟು ಜನ ಜೂನ್ 1ಕ್ಕೆ ಹುಟ್ಟಿದಾರೆ, ವಿಚಾರಿಸಿ ನೋಡಿ. ದೊಡ್ಡ ಮಳೆ ಬಂದ ವರ್ಷ, ಕೆಂಪು ಹಸು ಕರು ಹಾಕಿದ ವರ್ಷ ಅಂತ ತಾಯಿ ಲೆಕ್ಕ ಹೇಳ್ತಿದ್ಲು. ಹೆಡ್‌ಮಾಸ್ಟರು ಮಗುವಿನ ಮುಖ ನೋಡಿ ರಿಜಿಸ್ಟರಿನಲ್ಲಿ ಜೂನ್ 1 ಅಂತ ಬರೀತಿದ್ರು. ಅದು ಮೋಸ ಅಲ್ಲ, ಉಪಕಾರ. ಈಗಿನವರು ಆ ಉಪಕಾರವನ್ನ ದುಡ್ಡು ಕೊಟ್ಟು ಮಾಡಿಸ್ಕೋತಾರೆ. ಕಾಯ್ದೆಗೆ ತಿದ್ದುಪಡಿಯಾಗಿ, 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರ ಜನ್ಮದಿನಕ್ಕೆ ನಾನೊಬ್ಬನೇ ಪುರಾವೆ. ಟೀಸಿ, ಅಫಿಡವಿಟ್ಟು ಯಾವುದೂ ನಡೆಯಲ್ಲ. ಆದರೆ ಆ ಮಕ್ಕಳು ಟ್ರಯಲ್ಸ್‌ಗೆ ಬರೋಕೆ ಇನ್ನೂ ವರ್ಷಗಟ್ಟಲೆ ಇದೆ. ಅಲ್ಲಿತನಕ ಸುಗ್ಗಿ.

ಪ್ರ: ದೊಡ್ಡ ಆಟಗಾರರ ಪತ್ರಗಳು ತಮ್ಮ ಹಾಗಿರಲಿಲ್ಲ, ಅಲ್ಲವೇ?

ಉ: ಹಲಸೂರಿನ ಗೌತಮಪುರಕ್ಕೆ ಹೋಗಿದೀರಾ? ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಇರೋ ಸಾಲಿನಲ್ಲೇ ಪೆಲೆಗೂ ಒಂದು ಪ್ರತಿಮೆ ನಿಲ್ಲಿಸಿದಾರೆ. ತಾನು ಹುಟ್ಟಿದ್ದು 1940ರ ಅಕ್ಟೋಬರ್ 23 ಅಂತಿದ್ದ ಪೆಲೆ. ಅವನ ಜನನ ಪತ್ರ 21 ಅಂತಿತ್ತು. ಹೆಸರಲ್ಲೂ ಒಂದಕ್ಷರ ಹೆಚ್ಚು: ಎಡ್ಸನ್ ಹೋಗಿ ಎಡಿಸನ್ ಆಗಿತ್ತು. ಎರಡು ದಿನದ ತಪ್ಪು, ಯಾರಿಗೂ ನಷ್ಟವಾಗಲಿಲ್ಲ. 1958ರಲ್ಲಿ ಅವನು ವಿಶ್ವಕಪ್ ಗೆದ್ದಾಗ ಯಾವ ಲೆಕ್ಕದಲ್ಲೂ 17. ಹದಿನೇಳು ಅನ್ನೋದು ಅವನಿಗೆ ಒಂದು ವರ್ಷ ಇತ್ತು. ನಮ್ಮ ಕಡೆ ಕೆಲವರಿಗೆ ಮೂರು ವರ್ಷ ನಡೆಯುತ್ತೆ.

ಪ್ರ: ಇದು ನಮ್ಮ ದೇಶದ ಕಾಯಿಲೆ ಮಾತ್ರವೇ?

ಉ: ನಿಮಗೆ ಎಲ್ಲದರಲ್ಲೂ ಮೊದಲ ಸ್ಥಾನ ಬೇಕಾ? 1988ರಲ್ಲಿ ಮೆಕ್ಸಿಕೊ 20 ವರ್ಷದೊಳಗಿನವರ ಅರ್ಹತಾ ಟೂರ್ನಿಗೆ ವಯಸ್ಸು ಮೀರಿದವರನ್ನ ಇಳಿಸಿತು. ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಅವರದೇ ಫೆಡರೇಶನ್ನು ಅಚ್ಚು ಹಾಕಿಸಿದ್ದ ವಾರ್ಷಿಕ ಪುಸ್ತಕದಲ್ಲಿ ಆ ಆಟಗಾರರ ನಿಜವಾದ ಜನ್ಮದಿನಗಳಿದ್ವು! ಪತ್ರಕರ್ತರೊಬ್ಬರು ಪುಟ ತಿರುವಿ ನೋಡಿದರು, ಅಷ್ಟೇ. ಫಿಫಾ ಎರಡು ವರ್ಷ ನಿಷೇಧ ಹಾಕಿತು. ಮಕ್ಕಳ ತಂಡದ ಪಾಪಕ್ಕೆ ದೊಡ್ಡವರ ತಂಡ 1990ರ ವಿಶ್ವಕಪ್ಪನ್ನೇ ಕಳ್ಕೊಂಡಿತು. ಕ್ಯಾಮರೂನ್ ವಿಷಯ ಇನ್ನೂ ಇತ್ತೀಚಿನದು. 2023ರ ಹೊಸ ವರ್ಷದ ಹೊತ್ತಿಗೆ ಅಲ್ಲಿನ ಫೆಡರೇಶನ್ ಅಧ್ಯಕ್ಷ ಸ್ಯಾಮ್ಯುಯೆಲ್ ಎಟೊ 17 ವರ್ಷದೊಳಗಿನ ತಂಡಕ್ಕೆ ಎಂಆರ್‌ಐ ಮಾಡಿಸಿದ. 30 ಹುಡುಗರಲ್ಲಿ 21 ಜನ ಫೇಲು. ಆ 21 ಜನರ ಕೈಯಲ್ಲೂ ನನ್ನ ಬಂಧುಗಳಿದ್ರು, ಸೀಲು ಸಹಿ ಸಮೇತ.

ಪ್ರ: ಹಾಗಾದರೆ ತಮ್ಮನ್ನು ಬಿಟ್ಟು ಮೂಳೆಯನ್ನೇ ಕೇಳಬಹುದಲ್ಲ?

ಉ: ಕೇಳ್ತಿದಾರೆ. ಮೂಳೆಗೆ ಲಂಚ ಮುಟ್ಟಲ್ಲ ಅನ್ನೋದು ನಮ್ಮ ವಂಶಕ್ಕೆ ಬಂದ ದೊಡ್ಡ ಕಂಟಕ. ಎಡಗೈ ಮತ್ತು ಮಣಿಕಟ್ಟಿನ ಎಕ್ಸ್-ರೇ ತೆಗೆದು ಟ್ಯಾನರ್–ವೈಟ್‌ಹೌಸ್ ಅನ್ನೋ ಪದ್ಧತಿಯಲ್ಲಿ ಲೆಕ್ಕ ಹಾಕ್ತಾರೆ. ನಿಮ್ಮ ಕ್ರಿಕೆಟ್ ಮಂಡಳಿಯ ಹುಡುಗರಿಗೂ ಇದೇ ಪರೀಕ್ಷೆ. ಫಿಫಾ 2009ರಿಂದ 17 ವರ್ಷದೊಳಗಿನ ವಿಶ್ವಕಪ್‌ನಲ್ಲಿ ಎಂಆರ್‌ಐ ತಂದಿತು. ಮುಂಗೈ ಮೂಳೆಯ ತುದಿಯಲ್ಲಿ ಬೆಳೆಯೋ ಭಾಗ ಇನ್ನೂ ತೆರೆದಿದೆಯೋ, ಪೂರ್ತಿ ಮುಚ್ಚಿದೆಯೋ ಅಂತ ನೋಡ್ತಾರೆ. ಪೂರ್ತಿ ಮುಚ್ಚಿದ್ದರೆ ಹುಡುಗ ಮನೆಗೆ.

ಪ್ರ: ಅಂದರೆ ಸಮಸ್ಯೆ ಬಗೆಹರಿಯಿತು.

ಉ: ಅಷ್ಟು ಬೇಗ ಖುಷಿಪಡಬೇಡಿ. ಮೂಳೆ ಹೇಳೋದು ಮೈ ಎಷ್ಟು ಬಲಿತಿದೆ ಅಂತ. ಯಾವ ತಾರೀಖಿಗೆ ಹುಟ್ಟಿದ ಅಂತ ಅಲ್ಲ. ಒಂದೇ ದಿನ ಹುಟ್ಟಿದ ಇಬ್ಬರಲ್ಲಿ ಒಬ್ಬನ ಮೈ ಹನ್ನೆರಡಕ್ಕೇ ಹದಿನಾಲ್ಕರಂತೆ ಬಲಿತಿರುತ್ತೆ, ಇನ್ನೊಬ್ಬ ಹತ್ತರ ಹುಡುಗನ ಥರ ಇರ್ತಾನೆ. ಬೇಗ ಬಲಿತ ಪ್ರಾಮಾಣಿಕ ಹುಡುಗ ಎಕ್ಸ್-ರೇಯಲ್ಲಿ ಕಳ್ಳನಾಗಿಬಿಡಬಹುದು. ತಡವಾಗಿ ಬಲಿಯೋನಿಗೆ ಬೇರೆ ಕಷ್ಟ. ಪರೀಕ್ಷೆಯಲ್ಲಿ ಪಾಸಾಗ್ತಾನೆ, ಟ್ರಯಲ್ಸ್‌ನಲ್ಲಿ ಫೇಲಾಗ್ತಾನೆ.

ಪ್ರ: ಯಾಕೆ?

ಉ: ಆ ಕಡೆ ನೋಡಿ. ಹುಡುಗರ ಹಿಂಡು ದೊಡ್ಡದು, ಆಯ್ಕೆಗಾರರು ಮೂವರು. ಒಂದೊಂದು ಗುಂಪಿಗೆ ಇಪ್ಪತ್ತು ನಿಮಿಷದ ಆಟ. ಅಷ್ಟರಲ್ಲಿ ಕಣ್ಣಿಗೆ ಬೀಳೋನು ಯಾರು? ಎಲ್ಲರಿಗಿಂತ ಮುಂದೆ ಓಡೋನು, ಭುಜ ಕೊಟ್ಟು ಬೀಳಿಸೋನು, ಅರ್ಧ ಮೈದಾನ ದಾಟಿಸಿ ಒದೆಯೋನು. ಗೆರೆ ಪಕ್ಕ 22ನೇ ನಂಬರಿನ ಪುಟ್ಟ ಹುಡುಗ ಇದಾನಲ್ಲ, ಚೆಂಡು ಬರೋಕೆ ಮುಂಚೆನೇ ಎರಡು ಸಲ ಹಿಂದೆ ತಿರುಗಿ ನೋಡ್ತಾನೆ. ಬಂದ ಚೆಂಡನ್ನ ಒಂದೇ ಟಚ್‌ಗೆ ಪಳಗಿಸ್ತಾನೆ. ಆದರೆ ಇಪ್ಪತ್ತು ನಿಮಿಷದಲ್ಲಿ ಅವನ ಕಾಲಿಗೆ ಚೆಂಡು ಬಂದಿದ್ದು ಮೂರು ಸಲ. ಮಿಕ್ಕ ಹೊತ್ತೆಲ್ಲ ನಮ್ಮ ಏಳನೇ ನಂಬರ್ ಕಿತ್ಕೊಂಡು ಓಡ್ತಿದ್ದ. ಬೆಳೆಯುವ ಪೈರು ಮೊಳಕೆಯಲ್ಲೇ ಕಾಣುತ್ತೆ ಅಂತ ಗಾದೆ ಹೇಳ್ತಾ ಇವರು ಹುಡುಕ್ತಿರೋದು ತೆನೆ ಬಿಟ್ಟ ಪೈರನ್ನ.

ಪ್ರ: ಒಟ್ಟಿನಲ್ಲಿ ಆಯ್ಕೆಗಾರರಿಗೆ ಮೋಸ ಮಾಡಿದ್ದು ತಾವೇ.

ಉ: ನನ್ನ ಮೇಲೆ ಎತ್ತಿ ಹಾಕಬೇಡಿ. ನಾನು ಸುಳ್ಳು ಹೇಳಿದ್ದು ಎರಡು ವರ್ಷ. ನಿಜ ಹೇಳೋ ಪತ್ರಗಳೂ ಹನ್ನೊಂದು ತಿಂಗಳು ಮೋಸ ಮಾಡ್ತವೆ, ಅದು ಗೊತ್ತಾ? ಫಿಫಾ ಲೆಕ್ಕದಲ್ಲಿ ವರ್ಷದ ಗೆರೆ ಜನವರಿ 1. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ತಂಡಕ್ಕೆ ಪೈಪೋಟಿ. ಹನ್ನೆರಡರ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಅಂದ್ರೆ ಎತ್ತರ, ಬಲ ಎರಡರಲ್ಲೂ ಕಣ್ಣಿಗೆ ಕಾಣೋಷ್ಟು ಹೆಚ್ಚುಕಮ್ಮಿ ಆಗುತ್ತೆ. ಕೆನಡಾದ ಐಸ್ ಹಾಕಿಯಲ್ಲಿ 1980ರ ದಶಕದಲ್ಲೇ ಇದನ್ನ ಗುರುತಿಸಿದರು. ಯುರೋಪಿನ ಫುಟ್‌ಬಾಲ್ ಅಕಾಡೆಮಿಗಳಲ್ಲೂ ಇದೇ ಕಥೆ. ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ತುಂಬಿ ತುಳುಕ್ತಾರೆ, ಕೊನೆಯ ಮೂರು ತಿಂಗಳವರು ಅಪರೂಪ. ಇಂಗ್ಲೆಂಡಿನಲ್ಲಿ ಗೆರೆ ಸೆಪ್ಟೆಂಬರ್ 1ಕ್ಕೆ. ಅಲ್ಲಿ ಪ್ರತಿಭಾವಂತರೆಲ್ಲ ಸೆಪ್ಟೆಂಬರಿನಿಂದ ಹುಟ್ಟೋಕೆ ಶುರು ಮಾಡ್ತಾರೆ! ಗೆರೆ ಜರುಗಿದ ಹಾಗೆ ಪ್ರತಿಭೆಯೂ ಜರುಗುತ್ತೆ ಅಂದ್ರೆ, ಅವರು ಅಳೀತಿರೋದು ಪ್ರತಿಭೆಯನ್ನೋ ಕ್ಯಾಲೆಂಡರನ್ನೋ?

ಪ್ರ: ಆದರೂ ನಿಜವಾದ ಪ್ರತಿಭೆ ಹೇಗೋ ಮೇಲೆ ಬರುತ್ತದೆ ಎನ್ನುತ್ತಾರೆ.

ಉ: ಮೇಲೆ ಬಂದವರನ್ನ ನೋಡಿ ಹಾಗಂತಾರೆ. ಆಂಟ್ವಾನ್ ಗ್ರೀಝ್‌ಮನ್‌ನನ್ನ ಫ್ರಾನ್ಸಿನ ಕ್ಲಬ್ಬುಗಳು ಕುಳ್ಳ ಅಂತ ವಾಪಸ್ ಕಳಿಸಿದ್ವು. ಅವನು ಗಡಿ ದಾಟಿ ಸ್ಪೇನಿನ ರಿಯಲ್ ಸೊಸಿಯೆಡಾಡ್‌ನಲ್ಲಿ ಬೆಳೆದ, 2018ರಲ್ಲಿ ಫ್ರಾನ್ಸಿಗೇ ವಿಶ್ವಕಪ್ ಗೆದ್ದುಕೊಟ್ಟ. ಜೇಮಿ ವಾರ್ಡಿಯನ್ನ ಶೆಫೀಲ್ಡ್ ವೆಡ್ನೆಸ್‌ಡೇ ಕ್ಲಬ್ಬು 16ನೇ ವಯಸ್ಸಿಗೆ ಗಿಡ್ಡ ಅಂತ ಕೈಬಿಟ್ಟಿತು. 2016ರಲ್ಲಿ ಅವನು ಲೆಸ್ಟರ್ ಸಿಟಿ ಜೊತೆ ಪ್ರೀಮಿಯರ್ ಲೀಗ್ ಗೆದ್ದ. ಇವರ ಕಥೆ ನಿಮಗೆ ಸ್ಫೂರ್ತಿ. ನನಗೆ ಭಯ. ಗ್ರೀಝ್‌ಮನ್‌ಗೆ ಗಡಿ ಹತ್ತಿರ ಇತ್ತು. ಆ 22ನೇ ನಂಬರಿನವನಿಗೆ ಹತ್ತಿರ ಇರೋದು ಬಸ್ ಸ್ಟಾಪು.

ಪ್ರ: ವಯಸ್ಸು ಇಳಿಸಿದವನಿಗಾದರೂ ಲಾಭ ಇದೆಯಲ್ಲ?

ಉ: ಹಾಸ್ಟೆಲ್ ಸೀಟು ಸಿಗುತ್ತೆ, ಕಾಲೇಜಿಗೆ ಕ್ರೀಡಾ ಕೋಟಾ ಸಿಗುತ್ತೆ. ಅಪ್ಪನಿಗೆ ಅಷ್ಟು ಸಾಕು. ಕೋಚ್ ಸಾಹೇಬರಿಗೆ ಕಪ್ಪು, ಕಪ್ಪಿನ ಜೊತೆ ಪೇಪರಿನಲ್ಲಿ ಫೋಟೋ. ಹುಡುಗನಿಗೆ? ಹನ್ನೆರಡರಲ್ಲಿ ಮೈಬಲದಿಂದ ಗೆದ್ದವನು ಪಾಸು ಕೊಡೋದು ಕಲಿಯಲ್ಲ, ಎಡಗಾಲು ಪಳಗಿಸಲ್ಲ. ಬೇಕಾಗಿಯೇ ಇಲ್ಲವಲ್ಲ! ಹದಿನೆಂಟಕ್ಕೆ ಬರೋ ಹೊತ್ತಿಗೆ ಉಳಿದವರೂ ಅವನಷ್ಟೇ ಎತ್ತರ ಆಗ್ತಾರೆ, ಜೊತೆಗೆ ಅವರಿಗೆ ಆಟವೂ ಬರುತ್ತೆ. ಸೀನಿಯರ್ ತಂಡದ ಬಾಗಿಲಲ್ಲಿ ಯಾರೂ ನನ್ನನ್ನ ತೋರಿಸು ಅನ್ನಲ್ಲ. ಚೆಂಡು ತೋರಿಸು ಅಂತಾರೆ.

ಪ್ರ: 2017ರಲ್ಲಿ 17 ವರ್ಷದೊಳಗಿನ ವಿಶ್ವಕಪ್ ನಮ್ಮಲ್ಲೇ ನಡೆಯಿತು. ಅದರಿಂದ ಏನೂ ಕಲಿಯಲಿಲ್ಲವೇ?

ಉ: ಆರು ಊರಲ್ಲಿ ನಡೀತು, ಬೆಂಗಳೂರು ಅದರಲ್ಲಿ ಇರಲಿಲ್ಲ. 13 ಲಕ್ಷಕ್ಕೂ ಹೆಚ್ಚು ಜನ ಮೈದಾನಕ್ಕೆ ಬಂದರು, ಅದು ಆ ಟೂರ್ನಿಯ ದಾಖಲೆ. ಭಾರತ ಮೂರೂ ಪಂದ್ಯ ಸೋತಿತು. ಆದರೆ ದಿಲ್ಲಿಯಲ್ಲಿ ಕೊಲಂಬಿಯಾ ಎದುರು ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಕಾರ್ನರ್ ಒದ್ದ, ಮಣಿಪುರದ ಜೀಕ್ಸನ್ ಸಿಂಗ್ ತಲೆ ಕೊಟ್ಟ. ಫಿಫಾ ವಿಶ್ವಕಪ್‌ನಲ್ಲಿ, ಯಾವ ವಯಸ್ಸಿನ ಲೆಕ್ಕದಲ್ಲಾದರೂ, ಭಾರತದ ಮೊದಲ ಗೋಲು ಅದು. ದೇಶ ಇನ್ನೂ ಕುಣೀತಿತ್ತು, ಮುಂದಿನ ನಿಮಿಷಕ್ಕೇ ಕೊಲಂಬಿಯಾ ಗೋಲು ಹೊಡೆದು ಗೆದ್ದುಕೊಂಡು ಹೋಯ್ತು. ಏನು ಕಲಿತ್ರಿ ಅಂದ್ರಲ್ಲ? ಒಳ್ಳೇ ಹುಡುಗರು ನಮ್ಮಲ್ಲಿ ಸಿಗ್ತಾರೆ ಅಂತ ಕಲಿತ್ವಿ. ವಾರವಾರವೂ ಗಟ್ಟಿ ಪಂದ್ಯ ಆಡಿಸಿ ಬೆಳೆಸದಿದ್ರೆ ಆ ಒಂದು ನಿಮಿಷ ಕಾಯೋಕಾಗಲ್ಲ ಅನ್ನೋದನ್ನ ಇನ್ನೂ ಕಲೀತಿದೀವಿ.

ಪ್ರ: ಪರಿಹಾರ ಏನಾದರೂ ಇದೆಯೇ?

ಉ: ನನ್ನನ್ನೇ ಕೇಳ್ತೀರಲ್ಲ, ಮಜವಾಗಿದೆ! ಬೆಲ್ಜಿಯಂನವರು ತಡವಾಗಿ ಬಲಿಯೋ ಹುಡುಗರಿಗೆ ಅಂತಲೇ ಬೇರೆ ರಾಷ್ಟ್ರೀಯ ತಂಡ ಕಟ್ಟಿದಾರೆ. ಇಂಗ್ಲೆಂಡಿನ ಕ್ಲಬ್ಬುಗಳು ಆಗಾಗ ವಯಸ್ಸು ಬಿಟ್ಟು ಮೈ ಬಲಿತ ಪ್ರಮಾಣ ನೋಡಿ ತಂಡ ಮಾಡಿ ಆಡಿಸ್ತವೆ. ದೊಡ್ಡ ಮೈಯವನಿಗೆ ಬುದ್ಧಿ ಖರ್ಚು ಮಾಡಬೇಕಾಗುತ್ತೆ, ಸಣ್ಣವನಿಗೆ ಚೆಂಡು ಸಿಗುತ್ತೆ. ನಾರ್ವೆಯವರದ್ದು ಇನ್ನೂ ವಿಚಿತ್ರ. ಮಕ್ಕಳಿಗೆ 11 ತುಂಬೋ ವರ್ಷ ಬರೋತನಕ ಅಂಕಪಟ್ಟಿ ಇಲ್ಲ, ರ‍್ಯಾಂಕಿಂಗ್ ಇಲ್ಲ. 13 ತುಂಬೋ ವರ್ಷದ ತನಕ ರಾಷ್ಟ್ರೀಯ ಚಾಂಪಿಯನ್‌ಶಿಪ್ಪೂ ಇಲ್ಲ. ಆ ದೇಶದಿಂದಲೇ ಫುಟ್‌ಬಾಲ್ ತಾರೆ ಹಾಲಂಡ್ ಬಂದ, ಓಡೆಗಾರ್ಡ್ ಬಂದ.

ಪ್ರ: ನಮ್ಮಲ್ಲೂ ಹಾಗೆ ಮಾಡಿದರೆ?

ಉ: ಹನ್ನೆರಡರ ಮಕ್ಕಳಿಗೆ ಕಪ್ಪು ಕೊಡೋದು ನಿಲ್ಲಿಸಿದ ದಿನ ನನ್ನ ಕಥೆ ಮುಗೀತು. ಗೆಲ್ಲೋಕೆ ಏನೂ ಇಲ್ಲದ ಕಡೆ ಎರಡು ವರ್ಷ ಕದಿಯೋಕೆ ಯಾವ ಅಪ್ಪ ದುಡ್ಡು ಖರ್ಚು ಮಾಡ್ತಾನೆ? ಪೊಲೀಸು, ಎಕ್ಸ್-ರೇ, ವಯಸ್ಸಿನ ವಂಚನೆ ವಿರುದ್ಧ 2010ರಲ್ಲಿ ಕೇಂದ್ರ ಸರ್ಕಾರ ತಂದ ಸಂಹಿತೆ, ಯಾವುದಕ್ಕೂ ನಾನು ಇಷ್ಟು ಹೆದರಲ್ಲ.

ಪ್ರ: ಹಾಗಾದರೆ ಆಮೇಲೆ ತಮ್ಮ ಹೊಟ್ಟೆಪಾಡು?

ಉ: ಅದರ ಚಿಂತೆ ನಿಮಗೆ ಬೇಡ. ನಿವೃತ್ತಿಗೆ ಇನ್ನು ಆರೇ ತಿಂಗಳು ಅಂದಾಗ ನಿಜವಾದ ಜನ್ಮದಿನ ನೆನಪಾಗೋ ಸಾಹೇಬರುಗಳು ಕಚೇರಿ ಕಚೇರಿಯಲ್ಲೂ ಇದಾರೆ. ಮೈದಾನದಲ್ಲಿ ಓಡೋಕೂ ವಯಸ್ಸು ಇಳಿಸ್ತಾರೆ, ಕುರ್ಚಿ ಬಿಡದೆ ಕೂರೋಕೂ ಇಳಿಸ್ತಾರೆ. ನನಗೆ ಎರಡೂ ಕಡೆ ಕೆಲಸ ಒಂದೇ. ಕೂರೋರ ಮಣಿಕಟ್ಟಿನ ಎಕ್ಸ್-ರೇ ಮಾತ್ರ ಯಾರೂ ತೆಗೆಸಲ್ಲ.